ದೃಷ್ಟಿ ಎಳೆ

ಹಣಕ್ಕೂ ವಯಸ್ಸಾಗುವ ಹಾಗಾದರೆ ಏನಾದೀತು ಎಂದು ಒಂದು ಕಾಲದಲ್ಲಿ ಪಂಡಿತರು ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಂಡು ಹರಟುತ್ತಿದ್ದರು. ಆಮೇಲೆ ಅದು ನಿಜವೇ ಆಯಿತು. ಕಾಗದದ ನೋಟು ಹೋಗಿ, ಎಲ್ಲರ ಹಣವೂ ಮಣಿಕಟ್ಟಿಗೆ ಕಟ್ಟುವ ಪಟ್ಟಿಯೊಳಗೆ ಅಂಕಿಯಾಗಿ ಕೂತ ಮೇಲೆ, ಒಂದೊಂದು ರೂಪಾಯಿಗೂ ಅದು ಹುಟ್ಟಿದ ಗಳಿಗೆಯನ್ನು ಬರೆದಿಡುವುದು ಕಷ್ಟವಾಗಲಿಲ್ಲ. ಕೈಗೆ ಬಂದ ರೂಪಾಯಿ ಏಳು ದಿನ ಗಟ್ಟಿಯಾಗಿರುತ್ತಿತ್ತು. ಎಂಟನೆಯ ದಿನದಿಂದ ಕರಗುತ್ತಿತ್ತು. ಮೊದಲ ದಿನ ಒಂದು ಪೈಸೆ, ಮರುದಿನ ಎರಡು, ಹೀಗೆ. ಖರ್ಚು ಮಾಡಿದರೆ ಇನ್ನೊಬ್ಬರ ಪಟ್ಟಿಯಲ್ಲಿ ಅದು ಮತ್ತೆ ಎಳೆಗೂಸಾಗಿ ಹುಟ್ಟುತ್ತಿತ್ತು. ಸರ್ಕಾರದ ಕಡತದಲ್ಲಿ ಇದಕ್ಕೆ ಹರಿವು ನಾಣ್ಯ ಎಂದು ಹೆಸರು. ಜನ ಕರೆದದ್ದು ಬೆಣ್ಣೆದುಡ್ಡು ಎಂದು.

ಬೆಣ್ಣೆ ಎಲ್ಲಿ ಎಷ್ಟು ಬೇಗ ಕರಗಬೇಕೆಂಬುದನ್ನು ಹರಿವು ಮಂಡಳಿ ತೀರ್ಮಾನಿಸುತ್ತಿತ್ತು. ಬಾಗಲಕೋಟೆಯ ನವನಗರದಲ್ಲಿದ್ದ ಅದರ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಒಂದು ನಕಾಶೆ. ಊರಿಗೊಂದು ದೀಪ. ಹಣ ಕೈಯಿಂದ ಕೈಗೆ ಬೇಗ ಬೇಗ ಓಡಿದ ಊರಿನ ದೀಪ ಬೆಳ್ಳಗೆ ಉರಿಯುತ್ತಿತ್ತು, ಹಣ ಕೂತಲ್ಲೇ ಕೂತ ಊರಿನದು ಮಂಕಾಗುತ್ತಿತ್ತು. ಮಂಕಾದರೆ ಆ ತಾಲ್ಲೂಕಿನ ತಿರುಗುಣಿಯನ್ನು ಒಂದು ಗುರುತು ಮೇಲಕ್ಕೆ ತಿರುಗಿಸಬೇಕು. ಬೆಣ್ಣೆ ಬೇಗ ಕರಗುತ್ತದೆ, ಜನ ಗಾಬರಿಯಾಗಿ ಅಂಗಡಿಗೆ ಓಡುತ್ತಾರೆ, ದೀಪ ಬೆಳಗುತ್ತದೆ. ಆ ತಿರುಗುಣಿಗಳ ಮುಂದೆ ಹನ್ನೊಂದು ವರ್ಷದಿಂದ ಕೂತವನು ಪ್ರಭುಲಿಂಗ. ಈ ಕಥೆ ಅವನ ನಾಚಿಕೆಯದು. ಅವನು ಮುಖ ಮುಚ್ಚಿಕೊಳ್ಳಬೇಕಾಗಿ ಬಂದದ್ದು ಹೇಗೆಂದು ಹೇಳಲು ಬೆಣ್ಣೆಯಿಂದ ಶುರುಮಾಡದೆ ಬೇರೆ ದಾರಿಯಿಲ್ಲ.

ಜನ ಹೊಂದಿಕೊಂಡರು. ಜನ ಯಾವುದಕ್ಕೆ ತಾನೇ ಹೊಂದಿಕೊಂಡಿಲ್ಲ? ಸಂಬಳದ ಆರನೆಯ ದಿನ ಪೇಟೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೇಕಾದದ್ದನ್ನು ಕೊಂಡಾದ ಮೇಲೆ ಬೇಡವಾದದ್ದನ್ನೂ ಕೊಳ್ಳುತ್ತಿದ್ದರು, ಬಿಟ್ಟರೆ ಕರಗುತ್ತದಲ್ಲ. ಪ್ರಭುಲಿಂಗನ ಮನೆಯ ಅಟ್ಟದ ತುಂಬ ಸಾಬೂನು. ಅವನ ಹೆಂಡತಿ ಶಾಂಭವಿ ಶಾಲೆಯಲ್ಲಿ ಗಣಿತ ಹೇಳುವವಳು, ದುಂದುಗಾರ್ತಿಯಲ್ಲ, ಆದರೂ ಮೂರು ಜನರ ಸಂಸಾರಕ್ಕೆ ಅವಳ ಬಳಿ ಹನ್ನೊಂದು ಕುಕ್ಕರುಗಳಿದ್ದವು. ನಕಾಶೆಯಲ್ಲಿ ಇದೆಲ್ಲ ಸಮೃದ್ಧಿಯಾಗಿ ಕಾಣುತ್ತಿತ್ತು.

ಹೀಗಿರುವಾಗ ಗುಳೇದಗುಡ್ಡದ ದೀಪ ಮಂಕಾಯಿತು. ತಿರುಗುಣಿ ಒಂದು ಗುರುತು ಏರಿಸಿದರು, ದೀಪ ಇನ್ನೂ ಮಂಕಾಯಿತು. ಎರಡು ಗುರುತು ಏರಿಸಿದರು, ಆರಿದಂತೆಯೇ ಆಯಿತು. ಹಾಗೆಂದು ಊರು ಉಪವಾಸ ಬಿದ್ದ ಲಕ್ಷಣವೇನೂ ಕಾಣಲಿಲ್ಲ. ಹಾಲಿನ ಗಾಡಿ ಬರುತ್ತಿತ್ತು, ಮದುವೆಗಳು ನಡೆಯುತ್ತಿದ್ದವು, ಹೊಸ ಮಾಳಿಗೆಗಳೂ ಏಳುತ್ತಿದ್ದವು. ಹಣವಿಲ್ಲದೆ ಊರು ಉಣ್ಣುತ್ತಿರುವುದು ಹೇಗೆ? ಮಂಡಳಿಯ ವಲಯ ಮುಖ್ಯಸ್ಥೆ ಡಾ. ಸುಹಾಸಿನಿ ನಾವಡರಿಗೆ ತಲೆ ಕೆಟ್ಟುಹೋಯಿತು. ಕುಂದಾಪುರದ ಕಡೆಯ ಹೆಂಗಸು, ಮಾತು ಮೆತ್ತಗೆ, ಕೆಡುಕಿ ಅಲ್ಲ. ಕೊಳ್ಳುವವರಿಲ್ಲದೆ ತಮ್ಮ ತಂದೆಯ ಹಂಚಿನ ಕಾರ್ಖಾನೆ ಮುಚ್ಚಿದ್ದನ್ನು ಚಿಕ್ಕಂದಿನಲ್ಲಿ ಕಂಡಿದ್ದರು. ಅಂದಿನಿಂದ, ಜನ ಹಣ ಕೂಡಿಡುವುದು ಅವರ ಕಣ್ಣಿಗೆ ಪಾಪವಾಗಿಯೇ ಕಾಣುತ್ತಿತ್ತು. ನಿಂತ ನೀರು ಕೊಳೆಯುತ್ತದೆ ಎಂಬುದು ಅವರ ಮಂತ್ರ. ಅದು ನಿನ್ನ ಊರಲ್ಲವೇ, ಎರಡು ದಿನ ಹೋಗಿ ತಾಯಿಯ ಕೈಯ ರೊಟ್ಟಿ ಉಂಡು, ಏನು ನಡೆದಿದೆ ಎಂದು ನೋಡಿಕೊಂಡು ಬಾ ಎಂದು ಪ್ರಭುಲಿಂಗನನ್ನು ಕಳಿಸಿದರು.

ಅವನ ತಾಯಿ ಹಂಪವ್ವನಿಗೆ ಎಪ್ಪತ್ತೊಂದು. ಕಣ್ಣಿಗೆ ಪೊರೆ ಬಂದು ಎದುರಿನವರ ಮುಖ ಮಸುಕಾಗಿ ಕಾಣುತ್ತಿತ್ತು, ಆದರೆ ಮಗ್ಗದ ಮೇಲೆ ಕೂತರೆ ಕೈಗೆ ಕಣ್ಣಿನ ಹಂಗಿರಲಿಲ್ಲ. ಅವಳ ಓಣಿ ಪೂರ್ತಿ ನೇಕಾರರದು, ನೇಯುವುದು ಖಣ. ಕುಪ್ಪಸದ ಅರಿವೆಯಾದ ಖಣ ಆ ಸೀಮೆಯಲ್ಲಿ ಬರೀ ಅರಿವೆಯಲ್ಲ ಎಂಬುದು ಗೊತ್ತಿರುವ ಸಂಗತಿ. ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಮೇಲೊಂದು ಖಣ ಇಟ್ಟು ಉಡಿ ತುಂಬಬೇಕು. ಉಡಿಗೆ ಬಂದದ್ದನ್ನು ಒಲ್ಲೆ ಎನ್ನುವಂತಿಲ್ಲ. ಹಾಗೆ ಬಂದದ್ದನ್ನೆಲ್ಲ ಹೊಲಿಸಿಕೊಂಡರೆ ಒಬ್ಬೊಬ್ಬಳಿಗೂ ನೂರು ಕುಪ್ಪಸ ಆದಾವು. ಆದ್ದರಿಂದ ಖಣವನ್ನು ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟು, ಮುಂದಿನವಳ ಉಡಿಗೆ ದಾಟಿಸುವುದು ರೂಢಿ. ತಾನು ಕೊಟ್ಟ ಖಣ ಎರಡು ವರ್ಷ ಊರು ತಿರುಗಿ ತನ್ನ ಉಡಿಗೇ ಬಂದು ಬಿದ್ದದ್ದನ್ನು ಗುರುತು ಹಿಡಿದು, ಗುರುತು ಹಿಡಿಯದವಳ ಹಾಗೆ ನಕ್ಕ ಹೆಂಗಸರು ಅಲ್ಲಿ ಮನೆಗೊಬ್ಬರು.

ಬೆಣ್ಣೆದುಡ್ಡು ಕರಗತೊಡಗಿದಾಗ ಜನ ಕರಗದ್ದೊಂದನ್ನು ಹುಡುಕಿದರು. ಯಾರೂ ಒಲ್ಲೆ ಎನ್ನದ್ದು, ಇಟ್ಟರೆ ಕೆಡದ್ದು, ರಾತ್ರೋರಾತ್ರಿ ರಾಶಿ ರಾಶಿಯಾಗಿ ಹುಟ್ಟದ್ದು. ಮಗ್ಗದ ಮೇಲೆ ದಿನವಿಡೀ ಕೂತರೂ ನಾಲ್ಕು ಖಣಕ್ಕಿಂತ ಹೆಚ್ಚು ಇಳಿಯುವುದಿಲ್ಲ. ಸಭೆ ಸೇರಲಿಲ್ಲ, ಡಂಗುರ ಹೊಡೆಯಲಿಲ್ಲ. ಹಾಲಿನವಳು ತಿಂಗಳ ಹಾಲಿಗೆ ಎರಡು ಖಣ ಸಾಕು ಎಂದಳು. ಅವಳಿಂದ ಹಿಂಡಿಯ ಅಂಗಡಿಯವನು ತೆಗೆದುಕೊಂಡ, ಅವನಿಂದ ಕ್ಷೌರಿಕ, ಕ್ಷೌರಿಕನಿಂದ ಡಾಕ್ಟರು. ಕರೆಂಟು ಬಿಲ್ಲಿಗೆ ಮತ್ತು ತೆರಿಗೆಗೆ ಮಾತ್ರ ಬೆಣ್ಣೆದುಡ್ಡು. ಉಳಿದದ್ದೆಲ್ಲ ಉಡಿಯಿಂದ ಉಡಿಗೆ.

ಇದಕ್ಕೆಲ್ಲ ಆಧಾರವಾಗಿ ಹಂಪವ್ವ ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಹೊರಗಿನ ಮಿಲ್ಲಿನ ಖಣ ನುಸುಳಿದೆಯೋ ಎಂಬ ಅನುಮಾನ ಬಂದವರು ಅವಳ ಕೈಗೆ ಕೊಡುತ್ತಿದ್ದರು. ಅವಳು ಕಣ್ಣು ಮುಚ್ಚಿ ಅಂಚಿನ ದಡಿಯ ಮೇಲೆ ಬೆರಳಾಡಿಸಿ, ಖರೆ ಇದ್ದರೆ ತನ್ನದೇ ರೀತಿಯಲ್ಲಿ ಮಡಿಚಿ, ನಡೀತೈತಿ ಎಂದು ಕೊಡುತ್ತಿದ್ದಳು. ಇಷ್ಟಕ್ಕೆ ಅವಳು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಹೆಚ್ಚೆಂದರೆ ಒಂದು ಹಿಡಿ ಶೇಂಗಾ. ಹುಣಸೆಹಣ್ಣು ಮಾರುವ ಮಾಬೂಬಿ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬುಟ್ಟಿ ಹೊತ್ತವಳು, ಮೊಣಕಾಲಿನ ಆಪರೇಶನ್ನಿಗೆಂದು ಖಣ ಕೂಡಿಡುತ್ತಿದ್ದಳು. ಹಂಪವ್ವನ ಬೆರಳು ಮುಟ್ಟದ ಒಂದೂ ಅವಳ ಪೆಟ್ಟಿಗೆಗೆ ಹೋಗುತ್ತಿರಲಿಲ್ಲ.

ಪ್ರಭುಲಿಂಗ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡಿ, ರೊಟ್ಟಿಯ ಜೊತೆ ತಾಯಿಗೆ ಉಪದೇಶವನ್ನೂ ಬಡಿಸಿದ. ಕೂಡಿಡುವುದರಿಂದ ಕೆಲಸಗಳು ನಿಲ್ಲುತ್ತವೆ, ನಿಂತ ನೀರು ಕೊಳೆಯುತ್ತದೆ ಎಂದು ನಾವಡರ ಮಂತ್ರವನ್ನು ತನ್ನದೆಂಬಂತೆ ಹೇಳಿದ. ಹಂಪವ್ವ ಚಟ್ನಿಪುಡಿಗೆ ಎಣ್ಣೆ ಹಾಕುತ್ತ ಕೇಳಿಸಿಕೊಂಡಳು.

"ನಿಂತ ನೀರು ಕೊಳೀತೈತಿ, ಖರೆ," ಎಂದಳು. "ಆದ್ರ ನಾಳೀಗಿ ಅಂತ ಕೊಡದಾಗ ತುಂಬಿಟ್ಟದ್ದು ನಿಂತ ನೀರಲ್ಲೋ ತಮ್ಮಾ. ನಿಮ್ಮ ರೊಕ್ಕಾ ತೊಗೊಳ್ಳಾಕ ಕಾಯ್ದೆ ಮಾಡಬೇಕಾತು. ಇದನ್ನ ತೊಗೊಳ್ರಿ ಅಂತ ನಾವು ಯಾರ್ನೂ ಹೆದರಿಸಿಲ್ಲ."

ಅವನಿಗೆ ಒಳಗೊಳಗೆ ಹೆಮ್ಮೆಯೇ ಆಯಿತು. ಹೆಮ್ಮೆಪಟ್ಟು, ಇನ್ನೆರಡು ರೊಟ್ಟಿ ಹಾಕಿಸಿಕೊಂಡು ಉಂಡು, ಬಸ್ಸು ಹತ್ತಿ ಹೋಗಿ ಎಲ್ಲವನ್ನೂ ವರದಿಯಲ್ಲಿ ಬರೆದ. ಉಂಡ ಮನೆಯ ಜಂತೆ ಎಣಿಸಬಾರದೆಂದು ಅವನಿಗೆ ಕಲಿಸಿದ್ದವಳೂ ಅವಳೇ.

ಮಂಡಳಿಯಲ್ಲಿ ಪೊಲೀಸರನ್ನು ಕಳಿಸುವ ಮಾತು ಬಂತು, ನಾವಡರು ಅದನ್ನು ಒಪ್ಪಲಿಲ್ಲ. ಉಡಿ ತುಂಬುವುದನ್ನು ಅಪರಾಧವೆಂದ ಸರ್ಕಾರ ಎರಡು ದಿನ ಉಳಿದೀತೆ? ಅದಕ್ಕಿಂತ ಮೆತ್ತಗಿನ ದಾರಿಯಿತ್ತು. ಖಣಕ್ಕೆ ಬೆಲೆ ಬಂದದ್ದು ಅದು ಕಡಿಮೆ ಇರುವುದರಿಂದ. ರಾಶಿ ಹಾಕಿದರೆ ಬೆಲೆ ಬಿದ್ದು ಜನ ತಾವಾಗಿಯೇ ಹರಿವು ನಾಣ್ಯಕ್ಕೆ ಮರಳುತ್ತಾರೆ. ಯಾರ ಮೈಮೇಲೂ ಕೈ ಮಾಡಿದಂತಾಗುವುದಿಲ್ಲ.

ನಿಯಂತ್ರಣ ಕೊಠಡಿಯ ಹಿಂದಿನ ಶೆಡ್ಡಿನಲ್ಲಿ ಒಂದು ಯಂತ್ರಮಗ್ಗ ಸಿದ್ಧವಾಯಿತು. ಮಿಲ್ಲಿನ ಖಣ ಒಂದೇ ಸಮನಾಗಿರುವುದರಿಂದ ಸಿಕ್ಕಿಬೀಳುತ್ತಿತ್ತು. ಕೈಯಿಂದ ನೇಯ್ದದ್ದರಲ್ಲಿ ಎಳೆ ಕೂರಿಸುವ ಹಲಗೆಯ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ, ದಣಿವಿದ್ದಾಗ ಒಂದು ತರಹ, ಬೆಳಗಿನ ಹೊತ್ತು ಇನ್ನೊಂದು. ಹೊಸ ಯಂತ್ರ ಇನ್ನೂರು ಅಸಲಿ ಖಣಗಳನ್ನು ಎಳೆ ಎಳೆಯಾಗಿ ಓದಿ ಆ ಏರುಪೇರನ್ನು ಕಲಿತಿತ್ತು. ಅದು ದಣಿಯುವುದನ್ನೂ ನಟಿಸುತ್ತಿತ್ತು. ದಿನಕ್ಕೆ ಒಂಬೈನೂರು ಖಣ. ಮೊದಲ ಎರಡು ಸಾವಿರವನ್ನು ವ್ಯಾಪಾರಿಗಳ ವೇಷದಲ್ಲಿ ಊರಿಗೆ ಬಿಟ್ಟರು. ನಾಲ್ಕೇ ದಿನಕ್ಕೆ ಒಂದೂ ಬಿಡದೆ ಹಂಪವ್ವನ ಬೆರಳಿಗೆ ಸಿಕ್ಕಿ ಮೂಲೆಗೆ ಬಿದ್ದವು. ಹಂಪವ್ವ ಮಗನಿಗೆ ತಾನೇ ಫೋನು ಮಾಡಿ, ಯಾರೋ ಕಳ್ಳಮಾಲು ತಂದಾರ ನೋಡು ಎಂದು ಹೇಳಿ ನಕ್ಕಳು. ಬಾಳ ಛಂದ ಐತಿ, ಮನಷ್ಯಾರು ನೇದದ್ದಲ್ಲ ಎಂದಳು.

ಮರುದಿನದ ಸಭೆ ಎರಡು ತಾಸು ನಡೆಯಿತು. ಎಲ್ಲಿ ತಪ್ಪಿತು? ಒಬ್ಬರು ಗಂಜಿಯ ತೇವ ಎಂದರು, ಇನ್ನೊಬ್ಬರು ಬಣ್ಣದ ವಾಸನೆ ಎಂದರು. ಯಂತ್ರ ಮಾಡಿದ ಎಂಜಿನಿಯರು ತಲೆ ಕೆರೆದುಕೊಳ್ಳುತ್ತಿದ್ದ. ಪ್ರಭುಲಿಂಗನಿಗೆ ಗೊತ್ತಿತ್ತು.

ಚೆಂದದ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಾರಲ್ಲ, ಹಾಗೆ ಅವರ ಓಣಿಯಲ್ಲಿ ಚೆಂದದ ಖಣಕ್ಕೆ ಒಂದು ದೃಷ್ಟಿ ಎಳೆ. ತಪ್ಪೇ ಇಲ್ಲದ ಅರಿವೆಗೆ ಕಣ್ಣು ಬೀಳುತ್ತದೆಂದು ಬೇಕೆಂದೇ ಮಾಡುವ ಒಂದು ತಪ್ಪು. ದಡಿಯ ಏಳನೆಯ ಹೂವು ಮುಗಿದ ಮೇಲೆ ನೂಲಿನ ಲಾಳಿಯನ್ನು ಒಂದೇ ಸಂದಿನಲ್ಲಿ ಎರಡು ಸಲ ದಾಟಿಸಿ ಜೋಡೆಳೆ ಕೂರಿಸುವುದು, ಅದರ ಮುಂದಿನ ಹೊಡೆತವನ್ನು ಹಗುರ ಬಿಡುವುದು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಾಸಿವೆಯಷ್ಟು ತೊಡರುತ್ತದೆ. ಯಂತ್ರ ಇದನ್ನು ಕಂಡಿತ್ತು. ಕಂಡು, ನೇಕಾರ್ತಿಯ ಕೈತಪ್ಪು ಎಂದು ತಿಳಿದು ತಿದ್ದಿ ಸರಿಮಾಡಿತ್ತು. ಮಗ್ಗದ ಮೇಲೆ ಕೂರದವರಿಗೆ ಈ ಎಳೆಯ ಮಾತು ಹೇಳಕೂಡದೆಂಬುದು ಓಣಿಯ ಕಟ್ಟಳೆ. ಪ್ರಭುಲಿಂಗ ಚಿಕ್ಕವನಿದ್ದಾಗ ತಾಯಿಯ ಪಕ್ಕ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದುದರಿಂದ ಅವನಿಗೆ ಈ ಗುಟ್ಟು ಸಿಕ್ಕಿತ್ತು.

ಎರಡು ತಾಸು ಅವನು ಬಾಯಿ ಬಿಗಿಹಿಡಿದಿದ್ದ. ಆಗ ಎಂಜಿನಿಯರು ನಗುತ್ತ, ಇದೇನೂ ವಿಜ್ಞಾನವಲ್ಲ, ಯಾವಳೋ ಮುದುಕಿಯ ಮಂತ್ರ ಎಂದ. ಪ್ರಭುಲಿಂಗನಿಗೆ ತಡೆಯಲಾಗಲಿಲ್ಲ. ಮಂತ್ರವಲ್ಲ, ಏಳನೆಯ ಹೂವು ನೋಡಿ ಎಂದ. ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಾವಾಗಿ ಬಂದವು. ಹೇಳದಿದ್ದರೆ ಪೊಲೀಸರು ಹೋಗುತ್ತಿದ್ದರು, ಓಣಿಯನ್ನು ಉಳಿಸಲು ಹೇಳಿದೆ ಎಂಬ ನೆಪವನ್ನು ಅವನು ಆಮೇಲೆ ಹುಟ್ಟಿಸಿಕೊಂಡ. ಆ ಗಳಿಗೆಯಲ್ಲಿ ಇದ್ದದ್ದು ಬರೀ ಚಪಲ. ಅಷ್ಟು ಜನ ಓದಿದವರ ನಡುವೆ ತನಗೊಬ್ಬನಿಗೇ ಗೊತ್ತಿದೆ ಎಂಬ ಚಪಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವಡರು ಕೈಕುಲುಕಿ, ಅವನಿಗಾಗಿ ಏಲಕ್ಕಿ ಹಾಕಿದ ಚಹಾ ತರಿಸಿದರು. ಅವನು ಕುಡಿದ. ಚೆನ್ನಾಗಿತ್ತು.

ಈ ಸಲದ ಖಣ ಹಂಪವ್ವನ ಬೆರಳಿನ ಕೆಳಗೆ ಹಾಯಾಗಿ ದಾಟಿಹೋಯಿತು. ವಾರಕ್ಕೆ ಆರು ಸಾವಿರ. ನಡೀತೈತಿ, ನಡೀತೈತಿ ಎಂದು ಅವಳು ಮಡಿಚಿ ಮಡಿಚಿ ಕೊಟ್ಟಳು. ಎರಡು ತಿಂಗಳಲ್ಲಿ ತಿಂಗಳ ಹಾಲಿಗೆ ಎರಡಿದ್ದ ಖಣ ಒಂಬತ್ತಾಯಿತು, ನಾಲ್ಕನೆಯ ತಿಂಗಳಿಗೆ ಇಪ್ಪತ್ತಾಯಿತು. ಆಮೇಲೆ ಹಾಲಿನವಳು ಖಣ ಒಲ್ಲೆ ಎಂದಳು. ನಕಾಶೆಯಲ್ಲಿ ಗುಳೇದಗುಡ್ಡ ಮಿನುಗಿತು, ಬೆಳಗಿತು, ಜಿಲ್ಲೆಗೇ ಮೊದಲಾಯಿತು.

ಮಂಡಳಿ ಪ್ರಭುಲಿಂಗನಿಗೆ ಬಹುಮಾನ ಕೊಟ್ಟಿತು. ಒಂದು ವರ್ಷ ಅವನ ಸಂಬಳ ಕರಗುವುದಿಲ್ಲ. ಅಂಥದ್ದೊಂದು ಸೌಲಭ್ಯ ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಮೇಲಿನವರಿಗೆಲ್ಲ ಮೊದಲಿನಿಂದಲೂ ಇತ್ತಂತೆ. ಉಬ್ಬಿಕೊಂಡು ಮನೆಗೆ ಬಂದು ಹೇಳಿದಾಗ ಶಾಂಭವಿ ಅವನ ಮುಖವನ್ನೇ ನೋಡಿದಳು.

"ಕರಗೂದು ಅಷ್ಟು ಛಲೋ ಇದ್ರ, ಕರಗದ್ದನ್ನ ಬಹುಮಾನ ಅಂತ ಯಾಕ ಕೊಡ್ತಾರು?" ಎಂದು ಕೇಳಿದಳು.

ಅವನು ಸಿಟ್ಟು ಮಾಡಿಕೊಂಡ. ಸರಿಯಾದ ಪ್ರಶ್ನೆ ಬಂದಾಗ ಸಿಟ್ಟಿಗಿಂತ ಅಗ್ಗದ ಉತ್ತರ ಯಾವುದಿದೆ?

ಊರಿನ ಸುದ್ದಿ ಚೂರು ಚೂರಾಗಿ ಬಂತು. ಮಾಬೂಬಿ ಅರವತ್ತು ಖಣ ಗಂಟು ಕಟ್ಟಿಕೊಂಡು ಡಾಕ್ಟರ ಬಳಿ ಹೋದಳಂತೆ. ಕಂಪೌಂಡರು, ಇದರಲ್ಲಿ ಈಗ ಕಾಲಿಗೆ ಹಚ್ಚುವ ಎಣ್ಣೆಯೂ ಬರುವುದಿಲ್ಲ ಎಂದು ವಾಪಸು ಕಳಿಸಿದನಂತೆ. ನಕಲಿ ಸೇರಿಕೊಂಡಿದೆ ಎಂದು ಎಲ್ಲರಿಗೂ ತಿಳಿಯಿತು. ಯಾವುದು ನಕಲಿ ಎಂದು ಯಾರಿಗೂ ತಿಳಿಯಲಿಲ್ಲ. ತಿಳಿಯಬೇಕಾದವಳು ಒಬ್ಬಳೇ, ಅವಳು ಎಲ್ಲವನ್ನೂ ಖರೆ ಎಂದಿದ್ದಳು. ಮುದುಕಿಯ ಬೆರಳು ಸತ್ತಿವೆ ಎಂದು ಬಾವಿಯ ಹತ್ತಿರ ಮಾತಾಯಿತು. ಎದುರಿಗೆ ಯಾರೂ ಅನ್ನಲಿಲ್ಲ. ಕಟ್ಟೆಗೆ ಬರುವುದನ್ನು ಬಿಟ್ಟರು, ಅಷ್ಟೆ. ಹಂಪವ್ವ ತನ್ನ ಟ್ರಂಕು ತೆಗೆದು, ತಾನೇ ಮದುವೆಯ ಹೊಸದರಲ್ಲಿ ನೇಯ್ದ ಹಳೆಯ ಖಣಗಳನ್ನೆಲ್ಲ, ಯಾರಿಗೆ ನಡೀತೈತಿ ಎಂದಿದ್ದಳೋ ಅವರ ಮನೆ ಮನೆಗೆ ಹೋಗಿ ಇಟ್ಟು ಬಂದಳು. ಅವಕ್ಕೂ ಈಗ ಬೆಲೆಯಿರಲಿಲ್ಲ. ಆಮೇಲೆ ಮಗನಿಗೆ ಫೋನು ಮಾಡಿ, ನನ್ನನ್ನು ನರದ ಡಾಕ್ಟರಿಗೆ ತೋರಿಸು ಎಂದಳು.

ಬಾಗಲಕೋಟೆಯ ಡಾಕ್ಟರು ಚೆನ್ನಾಗಿಯೇ ಪರೀಕ್ಷೆ ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಿ, ದಪ್ಪ ಎಳೆಯಿಂದ ಹಿಡಿದು ಕೂದಲಿಗಿಂತ ತೆಳುವಾದ ಎಳೆಯವರೆಗೆ ಒಂದೊಂದನ್ನೇ ಬೆರಳ ತುದಿಗೆ ತಾಗಿಸಿ, ಗೊತ್ತಾಯಿತೇ ಅಜ್ಜಿ ಎಂದು ಕೇಳಿದರು. ಅವಳಿಗೆ ಎಲ್ಲವೂ ಗೊತ್ತಾದವು. ಎಳೆ ತಾಗಿಸದೆ ಸುಮ್ಮನೆ ಕೇಳಿದಾಗ, ಏನೂ ಮುಟ್ಟಸಿಲ್ಲ ಬಿಡ್ರಿ ಎಂದಳು. ಹದಿನೆಂಟರ ಹುಡುಗಿಯ ಬೆರಳು ನಿಮ್ಮವು ಎಂದು ಡಾಕ್ಟರು ಹೊಗಳಿದರು. ಹಂಪವ್ವನ ಮುಖ ಮಾತ್ರ ಇನ್ನಷ್ಟು ಇಳಿಯಿತು. ಹಂಗಾರ ಕೆಟ್ಟದ್ದು ತಲಿ ಎಂದು ತನಗೇ ಹೇಳಿಕೊಂಡಳು. ಪ್ರಭುಲಿಂಗ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಅವನು ಡಾಕ್ಟರರ ಫೀಸು ಎಷ್ಟೆಂದು ಕೇಳಿದ. ಕರಗದ ರೂಪಾಯಿಯಲ್ಲಿ ಕೊಟ್ಟ.

ಮಗನ ಮನೆಯಲ್ಲಿ ಹಂಪವ್ವ ಒಂದು ಮೂಲೆಯಲ್ಲಿ ಕೂತು ಒಂದರಿಂದ ನೂರರವರೆಗೆ ಎಣಿಸುತ್ತಿದ್ದಳು. ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಎಂದು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ತಪ್ಪದೆ ಎಣಿಸಿ ಮುಗಿಸಿ, ಮತ್ತೆ ಒಂದರಿಂದ ಶುರುಮಾಡುತ್ತಿದ್ದಳು. ಅದನ್ನು ಕೇಳುತ್ತ ಪ್ರಭುಲಿಂಗನಿಗೆ ಎಲ್ಲಾದರೂ ಬಿಲ ಸಿಕ್ಕರೆ ಹೊಕ್ಕುಬಿಡಬೇಕು ಅನಿಸಿತು. ಅಡುಗೆಮನೆಗೆ ಹೋಗಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ, ಏಲಕ್ಕಿ ಚಹಾದ ಸಮೇತ. ಶಾಂಭವಿ ಒಲೆ ಆರಿಸಿದಳು.

"ತನಗ ಹುಚ್ಚು ಹಿಡದೈತಿ ಅನ್ಕೋತ ಅಕಿ ಸಾಯಲಿ ಅಂತೀರೇನು?" ಎಂದಳು. ಅಷ್ಟೇ ಎಂದಳು, ದನಿ ಕೂಡ ಏರಿಸಲಿಲ್ಲ.

ಮರುದಿನ ಅವನು ತಾಯಿಯನ್ನು ಊರಿಗೆ ಕರೆದುಕೊಂಡು ಹೋದ. ದಾರಿಯಲ್ಲೇ ಹೇಳಬೇಕೆಂದಿದ್ದ. ಬಸ್ಸಿನಲ್ಲಿ ಜನ ಇದ್ದಾರೆ ಎಂದುಕೊಂಡ, ಇಳಿದ ಮೇಲೆ ಬಿಸಿಲು ಬಹಳ ಎಂದುಕೊಂಡ. ಮಗ್ಗದ ಮನೆಗೆ ಬಂದರೆ ಅಲ್ಲಿ ಮಾಬೂಬಿ ಕಾಲು ನೀಡಿ ಕೂತಿದ್ದಳು, ಜೊತೆಗೆ ಓಣಿಯ ನಾಲ್ವರು ನೇಕಾರ್ತಿಯರು. ಡಾಕ್ಟರು ಏನಂದರು ಎಂದು ಕೇಳಲು ಬಂದವರು. ಬೆರಳು ನೆಟ್ಟಗ ಅದಾವಂತ, ನನ್ನ ಬುದ್ಧೀನ ಹೋಗೇತಿ, ಇನ್ನ ಮ್ಯಾಲೆ ನನ್ನ ಮಾತು ನಂಬಬ್ಯಾಡ್ರಿ ಎಂದು ಹಂಪವ್ವ ಅವರಿಗೆ ಹೇಳುತ್ತಿದ್ದಳು. ಹಾಗೆನ್ನುವಾಗ ಅವಳ ಕುತ್ತಿಗೆ ಬಾಗಿತ್ತು. ಆ ಕುತ್ತಿಗೆ ಬಾಗಿದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

"ಯವ್ವಾ, ಎಳಿ ಮಾತು ನಾನ ಹೇಳಿದೆ," ಎಂದ ಪ್ರಭುಲಿಂಗ. "ನಮ್ಮ ಮಂಡಳಿಯವರು ಮಷೀನಿನಾಗ ನೇಸ್ಯಾರ. ದೃಷ್ಟಿ ಎಳಿ ಎಲ್ಲಿ ಬರ್ತೈತಿ ಅಂತ ನಾನ ತೋರಿಸಿಕೊಟ್ಟೆ."

ಮಾಬೂಬಿ ನೀಡಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಅವನಿಗೆ ತಾಯಿ ಎದ್ದು ಬಂದು ಕೆನ್ನೆಗೆ ಬಾರಿಸಲಿ ಅನಿಸಿತು. ಮಂಡಳಿಗೆ ರಾಜೀನಾಮೆ ಕೊಡುತ್ತೇನೆ, ಬಹುಮಾನ ಹಿಂದಿರುಗಿಸುತ್ತೇನೆ, ಮಾಬೂಬಿಯ ಕಾಲಿನ ಖರ್ಚು ತನ್ನದು ಎಂದು ಗಡಬಡಿಸಿ ಹೇಳಿದ. ಅದು ಯಾರಿಗೂ ಬೇಕಾದಂತೆ ಕಾಣಲಿಲ್ಲ. ಹಂಪವ್ವ ಅವನ ಕಡೆ ಮುಖ ತಿರುಗಿಸಿ, ಏಳನೇ ಹೂವು ಅಂತ ಹೇಳಿದ್ಯಾ ಎಂದು ಕೇಳಿದಳು. ಹೌದೆಂದ. ಜೋಡೆಳೆ? ಹೌದು. ಮುಂದಿನ ಹಗುರ ಹೊಡತಾನೂ? ಅದನ್ನೂ ಹೇಳಿದೆ ಎಂದ.

ಆಗ ಅವಳ ಮುಖ ಅರಳಿತು. ಅವನು ಯಾವುದಕ್ಕೆ ಬೇಕಾದರೂ ಸಿದ್ಧನಾಗಿದ್ದ, ಇದಕ್ಕೆ ಇರಲಿಲ್ಲ. ತಿಂಗಳುಗಟ್ಟಲೆ ಹೊತ್ತ ಹೊರೆಯನ್ನು ಇಳಿಸಿದವಳ ಹಾಗೆ ಅವಳು ಉಸಿರು ಬಿಟ್ಟು, ಎರಡೂ ಕೈ ಮುಂದೆ ಚಾಚಿ, ತನ್ನ ಬೆರಳುಗಳನ್ನು ತಾನೇ ಸವರಿಕೊಂಡಳು.

"ಮಾಬೂಬಿ, ನನ್ನ ಬೆರಳ ಸತ್ತಿರಲಿಲ್ಲ ನೋಡವಾ," ಎಂದಳು. "ಎಳಿ ಇತ್ತು. ಇದ್ದದ್ದನ್ನ ಇತ್ತು ಅಂದಾವ ಅವು."

ಮಾಬೂಬಿ ಎದ್ದು ಕುಂಟುತ್ತ ಬಂದು ಆ ಕೈಗಳನ್ನು ಹಿಡಿದುಕೊಂಡಳು. ಹೆಂಗಸರೆಲ್ಲ ಹಂಪವ್ವನ ಸುತ್ತ ಸರಿದು ಕೂತರು. ಪ್ರಭುಲಿಂಗ ಬಾಗಿಲ ಹತ್ತಿರ ನಿಂತೇ ಇದ್ದ. ಬೈದಿದ್ದರೆ ನಿಂತು ಬೈಸಿಕೊಳ್ಳಬಹುದಿತ್ತು. ಮಗ ಕೆಟ್ಟನೆಂಬುದಕ್ಕಿಂತ ಬೆರಳು ಕೆಟ್ಟಿಲ್ಲವೆಂಬುದು ಆಕೆಗೆ ದೊಡ್ಡದಾಗಿತ್ತು. ಅದು ನ್ಯಾಯವೇ ಎಂದು ಅವನಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿನಲ್ಲೇ ಮಾತು ಕೆಲಸಕ್ಕೆ ತಿರುಗಿತು. ಇದ್ದ ಖಣವೆಲ್ಲ ಹೋದದ್ದು ಹೋಯಿತು, ಇನ್ನು ಮೇಲೆ ಇಳಿಯುವುದಕ್ಕೆ ಹೊಸ ಎಳೆ ಹಾಕಬೇಕು, ಜನ ಮತ್ತೆ ನಂಬುವುದಕ್ಕೆ ವರ್ಷವಾದರೂ ಹಿಡಿದೀತು ಎಂದು ಹಂಪವ್ವ ಹೇಳಿದಳು. ಒಬ್ಬಳು ಲಾಳಿಗೆ ನೂಲು ತುಂಬಿದಳು. ಹಂಪವ್ವ ಸೆರಗು ಸಿಕ್ಕಿಸಿ ಮಗ್ಗದ ಕುಣಿಗೆ ಇಳಿದಳು. ಪ್ರಭುಲಿಂಗ ಅಭ್ಯಾಸಬಲದಿಂದ ಮುಂದೆ ಬಂದು, ಮಗ್ಗದ ಬಲಕ್ಕೆ, ಚಿಕ್ಕಂದಿನಲ್ಲಿ ಕಂಡಿಕೆ ಸುತ್ತುತ್ತಿದ್ದ ಜಾಗದಲ್ಲಿ ಕೂರಲು ಹೋದ. ಅವಳು ಕೈ ಅಡ್ಡ ಹಿಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಪರವೂರಿನ ಬೀಗರೊಡನೆ ಮಾತಾಡುವಷ್ಟು ಮರ್ಯಾದೆಯಿತ್ತು.

"ತಮ್ಮಾ, ನೀ ಒಂದೀಟ ಹೊರಗ ಕುಂದ್ರು."

ಅವನು ಹೊರಗೆ ಬಂದ. ಮಗ್ಗದವಳಲ್ಲದ ಮಾಬೂಬಿಗೆ ಮಾತ್ರ ಯಾರೂ ಏಳು ಎನ್ನಲಿಲ್ಲ. ಅವನು ಹುಟ್ಟಿದ್ದು ಆ ಕೋಣೆಯಲ್ಲಿ. ಅಲ್ಲಿಂದ ಎದ್ದು ಹೋಗು ಎಂದು ಅವನಿಗೆ ಯಾರೂ ಇದುವರೆಗೆ ಹೇಳಿರಲಿಲ್ಲ. ಹಿಂದಿನಿಂದ ಬಾಗಿಲಿಗೆ ಅಗುಳಿ ಹಾಕಿದ ಸದ್ದು ಬಂತು. ಕಟ್ಟೆಯ ಮೇಲೆ, ತಾಯಿ ಕೂರುತ್ತಿದ್ದ ಜಾಗ ಬಿಟ್ಟು ತುದಿಯಲ್ಲಿ ಕೂತ. ಬೀದಿಯಲ್ಲಿ ಹೋಗುವವರು ನೋಡಿ, ಯಾವಾಗ ಬಂದ್ರಿ ಎಂದು ಕೇಳಿ ಹೋದರು. ಇಂದೋ ನಾಳೆಯೋ ಇವರಿಗೂ ತಿಳಿಯುತ್ತದೆ, ಆಮೇಲೆ ಅಷ್ಟೂ ಕೇಳಲಾರರು ಎಂದುಕೊಂಡ.

ಒಳಗೆ ಮಗ್ಗ ಶುರುವಾಯಿತು. ಲಾಳಿ ದಾಟುವ ಸದ್ದು, ಹಲಗೆಯ ಹೊಡೆತ, ಕಾಲುಮಣೆಯ ಸದ್ದು. ಚಿಕ್ಕಂದಿನಿಂದ ಆ ಸದ್ದಿನಲ್ಲೇ ಮಲಗಿ ಎದ್ದ ಕಿವಿ ಅವನದು. ಅವನು ಬೇಡವೆಂದರೂ ಅದು ಎಣಿಸತೊಡಗಿತು. ಹನ್ನೆರಡು ಹೊಡೆತಕ್ಕೊಂದು ಹೂವು. ಒಂದನೆಯ ಹೂವು ಮುಗಿಯಿತು. ಎರಡನೆಯದು ಮುಗಿಯಿತು. ಹೊಸ ಎಳೆ ಎಲ್ಲೇ ಬೀಳಲಿ, ಹೊಡೆತದ ನಡೆ ಅಲ್ಲಿ ಒಮ್ಮೆ ತಪ್ಪುತ್ತದೆ. ಬಾಗಿಲು ಎಷ್ಟೇ ಭದ್ರವಾಗಿ ಮುಚ್ಚಿದ್ದರೂ ತನಗೆ ಅದು ಗೊತ್ತಾಗಿಯೇ ಆಗುತ್ತದೆ. ರಾಜೀನಾಮೆಯ ಮಾತನ್ನು ಬಾಯಲ್ಲಿ ಆಡಿದ್ದಾಯಿತು, ಬರೆದಿರಲಿಲ್ಲ. ನಕಾಶೆಯ ದೀಪ ಮತ್ತೆ ಮಂಕಾದ ದಿನ ನಾವಡರು ಮೆತ್ತಗಿನ ದನಿಯಲ್ಲಿ ಕೇಳುತ್ತಾರೆ. ಆಗ ತಾನು ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ. ತನ್ನನ್ನು ತಾನು ಅಷ್ಟು ಬಲ್ಲವನಾಗಿದ್ದ.

ಮೂರನೆಯ ಹೂವು ಅರ್ಧಕ್ಕೆ ಬಂದಾಗ ಪ್ರಭುಲಿಂಗ ಎರಡೂ ಕಿವಿಗೆ ಬೆರಳಿಟ್ಟು ಒತ್ತಿಕೊಂಡ. ಆದರೂ ಸದ್ದು ನುಸುಳಿತು. ಇನ್ನಷ್ಟು ಒತ್ತಿಕೊಂಡು, ತಲೆಯನ್ನು ಮೊಣಕಾಲುಗಳ ನಡುವೆ ತಗ್ಗಿಸಿ, ತಾಯಿ ಎಣಿಸುತ್ತಿದ್ದಂತೆ ಒಂದರಿಂದ ನೂರರವರೆಗೆ ಗಟ್ಟಿಯಾಗಿ ಎಣಿಸತೊಡಗಿದ. ನೂರು ಮುಗಿದರೆ ಮತ್ತೆ ಒಂದರಿಂದ. ಹಾದುಹೋಗುವವರು ನಿಂತು ನೋಡಿದರು. ಒಳಗೆ ಮಗ್ಗ ನಿಂತ ಮೇಲೆ ಮಾಬೂಬಿ ಬಾಗಿಲು ತೆಗೆದು ಬಂದು ಭುಜ ಮುಟ್ಟುವವರೆಗೂ ಅವನು ಕಿವಿಯಿಂದ ಕೈ ತೆಗೆಯಲಿಲ್ಲ.